ಖಣ ತೊಟ್ಟ ಬಂದೂಕು

ನಮ್ಮ ಸಣ್ಣಮಾವ ಹದಿನೈದು ವರ್ಷ ಬಂದೂಕು ಹಾರಿಸಿದರು. ಅಷ್ಟೂ ವರ್ಷಗಳಲ್ಲಿ ಅವರ ಗುಂಡಿಗೆ ಬಲಿಯಾದದ್ದು ಒಂದೇ ಒಂದು ಜೀವ. ವನಸ್ಪತಿ ತುಪ್ಪದ ಖಾಲಿ ಡಬ್ಬಿ! ಅದೂ ಪೂರ್ತಿ ಸಾಯಲಿಲ್ಲ. ಮೈತುಂಬ ತೂತು ಮಾಡಿಕೊಂಡು ಈಗಲೂ ನಮ್ಮ ಹಿತ್ತಲದಲ್ಲಿ ತುಳಸಿ ಗಿಡ ಹೊತ್ತು ನಿಂತಿದೆ. ಎಷ್ಟು ನೀರು ಹಾಕಿದರೂ ಹರಿದು ಹೋಗುತ್ತದೆ, ಬೇರು ಕೊಳೆಯುವುದಿಲ್ಲ. ಯಾವ ಗುಂಡನ್ನು ಯಾವ ಪುಣ್ಯಕ್ಕೆ ಹಚ್ಚಬೇಕೆಂಬುದು ದೇವರಿಗೆ ಗೊತ್ತು ಬಿಡಿ.

ಬಂದೂಕು ಎಂದ ಕೂಡಲೇ ಕಾಡು, ಹುಲಿ, ಮೀಸೆ ಎಂದೆಲ್ಲ ನೆನೆಯಬೇಡಿ. ಇದು ಛರ್ರೆಯ ಬಂದೂಕು. ಸ್ಪ್ರಿಂಗು ಎಳೆದು, ಸಾಬೂದಾಣಿಯಷ್ಟು ಸೀಸದ ಛರ್ರೆ ಇಟ್ಟು, ಕುದುರೆ ಒತ್ತಿದರೆ 'ಫಟ್' ಎನ್ನುವಂಥದ್ದು. ಕಾಡಂತೂ ಇರಲೇ ಇಲ್ಲ, ನಮ್ಮದು ಬೆಟಗೇರಿಯ ನೇಕಾರರ ಓಣಿ. ಮೀಸೆ ಮಾತ್ರ ಇತ್ತು.

ಮಗ್ಗದ ಓಣಿಯಲ್ಲಿ ಬಂದೂಕಿಗೇನು ಕೆಲಸ ಎನ್ನುತ್ತೀರಾ? ಹಾಸು ಕಾಯುವ ಕೆಲಸ! ಹಾಸು ಎಂದರೆ ಸೀರೆಯ ಉದ್ದನೆಯ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅವನ್ನು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಬಿಗಿದು ಕಟ್ಟಿ, ಗಂಜಿ ಸವರಿ, ಬಿಸಿಲಿಗೆ ಒಣಗಿಸಬೇಕು. ಆ ಗಂಜಿಯ ವಾಸನೆ ಮಂಗಗಳಿಗೆ ಎಲ್ಲಿಂದ ತಿಳಿಯುತ್ತಿತ್ತೋ! ನಾವು ಲಗ್ನಕ್ಕೆ ಕರೆದರೂ ಇಷ್ಟು ಹೊತ್ತಿಗೆ ಸರಿಯಾಗಿ ಬೀಗರು ಬರುತ್ತಿರಲಿಲ್ಲ. ಬಂದು, ಹಾಸಿನ ಮೇಲೆ ಜೋಕಾಲಿ ಆಡಿ, ಗಂಜಿ ನೆಕ್ಕಿ, ನೂರಾರು ಎಳೆ ಹರಿದು ಹೋಗುವವು. ಹರಿದ ಎಳೆ ಗಂಟು ಹಾಕುತ್ತ ಕೂತರೆ ನಮ್ಮ ಎರಡು ದಿನ ಸರಿದು ಹೋಗುತ್ತಿದ್ದವು.

ಕಲ್ಲು ಹೊಡೆಯೋಣವೆಂದರೆ ಓಣಿಯ ತುದಿಯಲ್ಲೇ ಹನುಮಪ್ಪನ ಗುಡಿ. ಅವನ ಕಣ್ಣೆದುರಿಗೇ ಅವನ ಬಳಗಕ್ಕೆ ಕಲ್ಲೆಸೆಯುವುದೇ? ಆಗ ಸಣ್ಣಮಾವ ಒಂದು ಯುಕ್ತಿ ತೆಗೆದರು. ಬೇವಿನ ಮರಕ್ಕೆ ಖಾಲಿ ಡಬ್ಬಿ ತೂಗುಹಾಕುವುದು, ಛರ್ರೆ ಹೊಡೆದು ಅದನ್ನು 'ಠಣ್' ಎನ್ನಿಸುವುದು. ಮಂಗಗಳಿಗೆ ಪೆಟ್ಟಿಲ್ಲ, ನಮಗೆ ಪಾಪವಿಲ್ಲ. ಗುಡಿಯ ದೀಪದ ಮೇಲೆ ಕೈಯಿಟ್ಟು ಆಣೆ ಮಾಡಿದರು: "ಮಂಗ್ಯಾನ ಮೈಗೆ ಒಂದ ಛರ್ರೆ ತಾಗಿದ್ರ, ಅವತ್ತ ಬಂದೂಕ ಬಾವಿಗೆ!" ಹೀಗೆ, ಏನನ್ನೂ ಕೊಲ್ಲಬಾರದೆಂದು ಕೊಂಡ ಬಂದೂಕು ಜಗತ್ತಿನಲ್ಲಿ ಇದೊಂದೇ ಇರಬೇಕು.

ಎಪ್ಪತ್ತಮೂರೋ ನಾಲ್ಕೋ ಇಸವಿ. ಆ ವರ್ಷ ನಮ್ಮ ಮನೆಗೆ ಎರಡು ಹೊಸ ಜೀವ ಬಂದವು. ಒಂದು ನಾನು, ಈ ಮನೆಯ ಸೊಸೆಯಾಗಿ. ಇನ್ನೊಂದು ಬಂದೂಕು, ಲಕ್ಷ್ಮೇಶ್ವರದ ಸಂತೆಯಿಂದ. ಸಣ್ಣಮಾವ ಎಂದರೆ ನನ್ನ ಮಾವನವರ ತಮ್ಮ. ಒಂದೇ ಮನೆ, ಒಂದೇ ಒಲೆ. ಅವರು ಬಂದೂಕನ್ನು ಹೊಸ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ್ದರು. ಕಂಡಕ್ಟರ್ ಕೇಳಿದನಂತೆ, "ಯಜಮಾನ್ರ, ಏನ್ರೀ ಅದು ಸೀರಿಯೊಳಗ?"

"ಬಂದೂಕ."

ಅಷ್ಟೇ! ಹಿಂದಿನ ಉದ್ದ ಸೀಟು ಪೂರ್ತಿ ಖಾಲಿಯಾಯಿತು. ನಿಲ್ಲಲು ಜಾಗವಿಲ್ಲದ ಬಸ್ಸಿನಲ್ಲಿ ನಮ್ಮ ಮಾವ ಕಾಲು ಚಾಚಿ ಮಲಗಿಕೊಂಡು ಗದಗ ಮುಟ್ಟಿದರು.

ಆ ಬಂದೂಕಿನ ಹಿಡಿ, ಅಂದರೆ ಭುಜಕ್ಕೆ ಆನಿಸಿಕೊಳ್ಳುವ ಹಿಂಭಾಗ, ಕಟ್ಟಿಗೆಯದಲ್ಲ. ಗೋವಾ ಕಡೆಯಿಂದ ಬಂದ ಫಾರಿನ್ ಮಾಲು, ಕಪ್ಪು ಫೈಬರಿನದು. ಒಳಗೆ ಪೊಳ್ಳು, ಹೊರಗೆ ಹೊಸ ಚಪ್ಪಲಿಯ ವಾಸನೆ. ಮಾವ ಅದನ್ನು ಬೆರಳಿನಿಂದ ಬಡಿದು ತೋರಿಸುತ್ತಿದ್ದರು. "ಕಟ್ಟಿಗೀನೂ ಅಲ್ಲ, ಕಬ್ಬಿಣಾನೂ ಅಲ್ಲ. ಮಳಿಗೆ ಉಬ್ಬಾಂಗಿಲ್ಲ, ಬಿಸಿಲಿಗೆ ಸೀಳಾಂಗಿಲ್ಲ!"

"ಹಂಗಾರ ನಿಮಗಿಂತ ಚೊಲೋ ಐತಿ," ಎಂದರು ಸಣ್ಣತ್ತೆ, ಅಂದರೆ ಅವರ ಹೆಂಡತಿ. ಸಣ್ಣತ್ತೆಯ ಬಾಯಿಗೆ ಯಾವ ಛರ್ರೆಯೂ ಬೇಕಿರಲಿಲ್ಲ.

ಹತ್ತು ವರ್ಷ ಎಲ್ಲವೂ ಸುಸೂತ್ರ. ಹಾಸು ಹೂಡಿದ ದಿನ ಮಾವ ಮಗ್ಗದಿಂದ ಎದ್ದು ಬರುವುದು, ಬಲ ಭುಜಕ್ಕೆ ಬಂದೂಕು ಏರಿಸುವುದು, 'ಫಟ್', 'ಠಣ್', ಮಂಗಗಳು ಪರಾರಿ. ಒಂದು ಛರ್ರೆ ಕೆಟ್ಟದ್ದಿಲ್ಲ. ಎಂಬತ್ನಾಲ್ಕರ ಸುಮಾರಿಗೆ ಅದೇನಾಯಿತೋ, 'ಫಟ್' ಕೇಳುತ್ತಿತ್ತು, 'ಠಣ್' ಕೇಳುತ್ತಿರಲಿಲ್ಲ. ಮಂಗಗಳೂ ಮೊದಮೊದಲು ಮರ್ಯಾದೆಗೆ ಓಡಿದವು. ಆಮೇಲೆ ಕೂತಲ್ಲೇ ಕೂತು ತಲೆ ತುರಿಸಿಕೊಳ್ಳತೊಡಗಿದವು.

ಒಂದು ದಿನ ಊಟದಲ್ಲಿ ಕುಂಬಳಕಾಯಿ ಪಲ್ಯ. ಮಾವನ ಹಲ್ಲಿಗೆ 'ಕಟ್' ಎಂದಿತು. ಬೆರಳಿನಲ್ಲಿ ತೆಗೆದು ನೋಡಿದರು. ಛರ್ರೆ!

"ಏನವ್ವಾ, ಪಲ್ಲೇಕ್ಕ ಸೀಸಾನೂ ಹಾಕತೀ?"

"ಬೀಜ ನೀವ ಬಿತ್ತಿದ್ದು ಮಾವಾರ," ಎಂದೆ. ಡಬ್ಬಿ ತೂಗುತ್ತಿದ್ದ ಬೇವಿನ ಮರಕ್ಕೂ ನಮ್ಮ ಕುಂಬಳ ಬಳ್ಳಿಗೂ ಎಂಟು ಮಾರು ಅಂತರ! ಒಂದು ಪುಣ್ಯ, ಬಳ್ಳಿಯ ಹಿಂದೆ ಕಟ್ಟುತ್ತಿದ್ದ ಎಮ್ಮೆ ಅವತ್ತು ಮೇಯಲು ಹೋಗಿತ್ತು.

ಮಾವನ ಪ್ರಕಾರ ತಪ್ಪೆಲ್ಲ ಹಿಡಿಯದು. ಅವರು ಹಾಗೆಯೇ. ಅವರ ಲೋಕದಲ್ಲಿ ತಪ್ಪು ಯಾವಾಗಲೂ ವಸ್ತುಗಳದೇ. ಆ ವರ್ಷ ಮಗ್ಗದ ಬದಿಗೆ ಬಲಕ್ಕೆ ಇಟ್ಟ ಚಹಾದ ಕಪ್ಪನ್ನು ಮೂರು ಸಲ ಮೊಣಕೈಯಿಂದ ಉರುಳಿಸಿದರು. ಮೂರು ಸಲವೂ ಬೈಸಿಕೊಂಡದ್ದು ಚಹಾ! "ಈ ಚಾಕ್ಕ ಬುದ್ಧಿ ಇಲ್ಲ ನೋಡ. ಎಲ್ಲಿ ಬೇಕಲ್ಲಿ ಕುಂಡ್ರತೈತಿ!" ಊಟದ ಪಂಕ್ತಿಯಲ್ಲಿ ಗೋಡೆ ಬಲಕ್ಕೆ ಬರುವ ಜಾಗವೇ ಬೇಕು. ಬೇರೆ ಯಾರಾದರೂ ಕೂತಿದ್ದರೆ ಎಬ್ಬಿಸುವರು. ಓಣಿಯ ಕಟ್ಟೆಯ ಮೇಲೆ ಮಾತ್ರ ಎಂದೂ ಕೂಡುತ್ತಿರಲಿಲ್ಲ. "ಕಟ್ಟಿ ಇರೋದು ಮುದುಕರಿಗೆ," ಎನ್ನುತ್ತಿದ್ದರು. ಆಗ ಅವರಿಗೆ ಅರವತ್ತು ತುಂಬಿತ್ತು. ಇಂಥವರ ಜೊತೆ ವಾದ ಮಾಡಲು ಯಾರಿಗೆ ಪುರುಸೊತ್ತು?

ಆದರೆ ಶ್ರಾವಣದ ಒಂದು ಮಧ್ಯಾಹ್ನ ನಗು ನಿಂತಿತು. ಮರಿಯನ್ನು ಎದೆಗೆ ಅವಚಿಕೊಂಡ ತಾಯಿ ಮಂಗ ಬೇವಿನ ಕೊಂಬೆಯ ಮೇಲಿತ್ತು. ಮಾವ ಡಬ್ಬಿಗೆ ಹೊಡೆದ ಛರ್ರೆ ಅದರ ಕಿವಿಯ ಪಕ್ಕದ ಎಲೆಯನ್ನು ಹಾರಿಸಿಕೊಂಡು ಹೋಯಿತು. ತಾಯಿ ಓಡಲಿಲ್ಲ. ಮರಿಯ ತಲೆಯ ಮೇಲೆ ಕೈಯಿಟ್ಟುಕೊಂಡು ಮಾವನನ್ನೇ ನೋಡಿತು. ನಿನ್ನೆ ಸಕ್ಕರೆ ಒಯ್ದ ನೆರೆಮನೆಯಾಕೆ ಇವತ್ತು ಬೈದರೆ ನಾವು ಹೇಗೆ ನೋಡುತ್ತೇವೋ ಹಾಗೆ. ಮಾವ ಬಂದೂಕು ನೆಲಕ್ಕಿಟ್ಟು, ಗುಡಿಗೆ ಹೋಗಿ ಕಂಬಕ್ಕೆ ಒರಗಿ ಕೂತುಬಿಟ್ಟರು.

ಸಣ್ಣತ್ತೆ ತೀರ್ಪು ಕೊಟ್ಟರು. "ಮಾನೌಮಿಗೆ ಮಗ್ಗದ ಪೂಜಿ ಆದ ಮ್ಯಾಲ ಹೊಸ ಹಾಸು ಹೂಡೂದೈತಿ. ಅಷ್ಟರಾಗ ಓಣಿ ಮಂದಿ ಮುಂದ ಐದ ಛರ್ರೆ ಹೊಡೀರಿ. ಐದೂ ಡಬ್ಬಿಗೇ ಬಡೀಬೇಕು. ಒಂದ ತಪ್ಪಿದ್ರೂ ನಾನ ಒಯ್ದು ಬಾವಿಗೆ ಒಗೀತೀನಿ. ಹನುಮಪ್ಪನ ಶಾಪ ನನ್ನ ಮಕ್ಕಳಿಗೆ ಬ್ಯಾಡ."

"ಆತು," ಎಂದರು ಮಾವ. "ಹಿಡಿ ರಿಪೇರಿ ಮಾಡ್ತೀನಿ."

ಶುರುವಾಯಿತು ನೋಡಿ! ಮೊದಲ ರಿಪೇರಿ: ಹಿಡಿ ಒಳಗೆ ಪೊಳ್ಳು, ಹಿಂದೆ ಹಗುರ, ಅದಕ್ಕೇ ಗುರಿ ಹಾರುತ್ತದೆ ಎಂದು ತೀರ್ಮಾನಿಸಿದರು. ಹಿಂದಿನ ಮುಚ್ಚಳ ಬಿಚ್ಚಿ, ಅದರೊಳಗೆ ನನ್ನ ಡಬ್ಬಿಯ ಬಿಳಿಜೋಳ ತುಂಬಿ, ಕುಟ್ಟಿ ಕುಟ್ಟಿ ಬಿಗಿ ಮಾಡಿ, ಮುಚ್ಚಳ ತಿರುಗಿಸಿ ಗೋಡೆಗೆ ತೂಗುಹಾಕಿದರು. ಆ ಗೋಡೆಗೆ ಮಾಳಿಗೆ ಸೋರುತ್ತಿತ್ತು, ಶ್ರಾವಣದ ಜಿಟಿಜಿಟಿ ಬೇರೆ. ನಾಲ್ಕನೆಯ ದಿನ ಮುಚ್ಚಳದ ಸಂದಿಯಿಂದ ಬೆಳ್ಳನೆಯ ಮೊಳಕೆ ಹೊರಗಿಣುಕಿತು. ಐದನೆಯ ದಿನ ಮುಚ್ಚಳವೇ ಹಾರಿ ಬಿತ್ತು. ಒಣಗಲಿ ಎಂದು ಅಂಗಳದಲ್ಲಿಟ್ಟರೆ ಮಂಗಗಳ ಹಿಂಡೇ ಬಂದು ಹಿಡಿಯೊಳಗೆ ಕೈ ಹಾಕಿ ಮೊಳಕೆ ಕಾಳು ತಿನ್ನುತ್ತ ಕೂತಿತು. ಬಂದೂಕು ಕಂಡರೆ ಮಂಗಗಳು ಓಡಬೇಕೋ, ಪಂಕ್ತಿ ಹಾಕಿ ಕೂಡಬೇಕೋ ನೀವೇ ಹೇಳಿ!

"ಬಂದೂಕಿಗೆ ಬೆಳಿ ಬಂತಲ್ಲರಿ! ಸುಗ್ಗಿ ಯಾವಾಗ?" ಎಂದು ಸಣ್ಣತ್ತೆ ಒಳಗಿನಿಂದಲೇ ಕೇಳಿದರು.

ಎರಡನೆಯ ರಿಪೇರಿಗೆ ಮಾವನ ಮನಸ್ಸು ಬದಲಾಗಿತ್ತು. ಎರಡು ದಿನ ಬಂದೂಕು ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಏನೇನೋ ಅಳೆದರು. ಆಮೇಲೆ, "ತೂಕದ್ದಲ್ಲ ದೋಷ. ಹಿಡಿ ಭಾಳ ನೆಟ್ಟಗ ಐತಿ. ಬಲಕ್ಕ ಬಗ್ಗಸಬೇಕು," ಎಂದರು. ನೆಟ್ಟಗಿರುವುದೇ ದೋಷವೆಂದರೆ ಏನು ಹೇಳುತ್ತೀರಿ? ಅದೂ ಶನಿವಾರ ನಸುಕಿನಲ್ಲಿ! ನಾನು ತಲೆಸ್ನಾನ ಮಾಡಿ ಗುಡಿಗೆ ಹೋಗಬೇಕೆಂದು ತಾಮ್ರದ ಹಂಡೆಯ ಮುಚ್ಚಳ ತೆಗೆದರೆ ಕುದಿಯುವ ನೀರಿನಲ್ಲಿ ಬಂದೂಕಿನ ಹಿಡಿ ತೇಲುತ್ತಿದೆ! ಮೆತ್ತಗಾದರೆ ಬಗ್ಗಿಸಬಹುದಂತೆ. ಎರಡು ತಾಸು ಬೇಯಿಸಿದರು. ಬೇಳೆಯಾಗಿದ್ದರೆ ಮೂರು ಸಲ ಕರಗುತ್ತಿತ್ತು. ಅದು ಒಂದು ಕೂದಲೆಳೆ ಬಗ್ಗಲಿಲ್ಲ. ನಾನು ತಣ್ಣೀರಲ್ಲಿ ಮಿಂದು ಗುಡಿಗೆ ಹೋಗಿ, "ಹನುಮಪ್ಪಾ, ಹಂಡೆ ತೂತಾಗಲಿಲ್ಲವಲ್ಲ, ಅಷ್ಟು ಸಾಕು," ಎಂದು ಕೈಮುಗಿದು ಬಂದೆ.

ಮೂರನೆಯದಕ್ಕೆ ಮಾವ ತಮ್ಮ ದೋಸ್ತನನ್ನು ಕರೆದರು. ಗದಗಿನಲ್ಲಿ ಬಸ್ಸು ಲಾರಿಗಳ ಬಾಡಿ ಕಟ್ಟುವ ಸಾಬರು. ಆಗಷ್ಟೇ ಫೈಬರಿನ ಕೆಲಸ ಕಲಿತಿದ್ದರು. ಗಾಜಿನ ನಾರಿನ ಬಟ್ಟೆ ಹಾಸುವುದು, ಅದರ ಮೇಲೆ ಅಂಟು ಸವರುವುದು, ಮತ್ತೆ ಬಟ್ಟೆ, ಮತ್ತೆ ಅಂಟು; ಒಣಗಿದರೆ ಕಲ್ಲು. ಮಾವನಿಗೆ ಇದು ಬಹಳ ಹಿಡಿಸಿತು. "ಅಂದ್ರ ನಮ್ಮ ಗಂಜಿ ಕೆಲಸಾನ ಐತಲ್ಲೋ!" ಎಂದರು.

ಇಬ್ಬರೂ ಸೇರಿ ಹಿಡಿಯನ್ನು ಗರಗಸದಿಂದ ಎರಡು ತುಂಡು ಮಾಡಿದರು. ಹಿಂದಿನ ತುಂಡನ್ನು ಬಲಕ್ಕೆ ವಾಲಿಸಿ ಜೋಡಿಸಿ, ಸುತ್ತಲೂ ಬಟ್ಟೆ ಸುತ್ತಿ ಅಂಟು ಸವರತೊಡಗಿದರು. ಸಾಬರು ತಡೆದು ತಡೆದು ಕೇಳಿದರು, "ಇಷ್ಟ ಸಾಕಲ್ಲೋ ದೋಸ್ತ?"

"ಇನ್ನ ಎರಡ ಬೆರಳು ಬಲಕ್ಕ."

"ಖರೇ ಹೇಳ್ತೀನಿ, ನಜ್ಜುಗುಜ್ಜಾದ ಬಸ್ಸ ತಂದು ನೆಟ್ಟಗ ಮಾಡಸವರನ್ನ ಭಾಳ ನೋಡೀನಿ. ನೆಟ್ಟಗಿದ್ದದ್ದನ್ನ ಸೊಟ್ಟ ಮಾಡಸಾಂವ ನೀನೊಬ್ಬನ!"

ಅಷ್ಟರಲ್ಲಿ ಗಾಜಿನ ಬಟ್ಟೆ ಮುಗಿಯಿತು. ಅಂಟು ಕಲಸಿಯಾಗಿದೆ, ಹತ್ತು ನಿಮಿಷ ತಡೆದರೆ ಕಲ್ಲಾಗುತ್ತದೆ. ನೇಕಾರರ ಮನೆಯಲ್ಲಿ ಬಟ್ಟೆಗೇನು ಬರ ಎಂದು ಮಾವ ಒಳಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನು ತಂದು ಹರಿದು ಸುತ್ತಿಯೇಬಿಟ್ಟರು. ಅದು ನನ್ನ ತವರಿನವರು ಪಂಚಮಿಗೆ ಕಳಿಸಿದ್ದ, ಇನ್ನೂ ಹೊಲಿಸದ ಕುಪ್ಪಸದ ಖಣ! ನೀಲಿ ಮೈ, ಕೆಂಪು ಅಂಚು, ಸಣ್ಣ ಸಣ್ಣ ಹೂವು. ಅಂಟು ಒಣಗಿದ ಮೇಲೆ ಗಾಜಿನ ಒಳಗಿಟ್ಟಂತೆ ಹೂವೆಲ್ಲ ಮಿರಿಮಿರಿ ಮಿಂಚಿದವು. ಅದರ ಜೊತೆಗೆ ನನ್ನ ಚಪಾತಿ ಮಣೆಯೂ ಅಂಟಿಕೊಂಡಿತ್ತು. ಆಸರೆಗೆಂದು ಕೆಳಗಿಟ್ಟಿದ್ದರಂತೆ! ಉಳಿಯಿಂದ ಬಿಡಿಸುವಾಗ ಮಣೆಯ ಒಂದು ಮಗ್ಗುಲು ಹಾರಿತು. ಆಮೇಲೆ ಆರು ತಿಂಗಳು ನಮ್ಮ ಮನೆಯ ಚಪಾತಿಗಳು ಅಷ್ಟಮಿಯ ಚಂದ್ರನಂತೆ ಬಂದವು. ಆದರೂ ಹೊಟ್ಟೆ ತುಂಬುತ್ತಿತ್ತಲ್ಲ, ಅದೇ ಪುಣ್ಯ.

ಸೊಟ್ಟ ಬಂದೂಕು ನೋಡಲು ಓಣಿಯ ಮಂದಿಯೆಲ್ಲ ಬಂದರು. "ಮೂಲಿ ತಿರುವಿ ಹೊಡ್ಯಾಕ ಚೊಲೋ ಆತ ನೋಡ್ರಿ," ಎಂದು ಒಬ್ಬರು. "ಖಣ ಆತು, ಇನ್ನ ಸೀರಿ ಯಾವಾಗ ಉಡಸ್ತೀರಿ?" ಎಂದು ಇನ್ನೊಬ್ಬರು. ಮಾವ ಮೀಸೆಯಲ್ಲೇ ನಕ್ಕರು. ಮೀಸೆಗೂ ಸ್ವಲ್ಪ ಅಂಟು ಹತ್ತಿದ್ದರಿಂದ ಜೋರಾಗಿ ನಗಲು ಬರುತ್ತಿರಲಿಲ್ಲ.

ಮಹಾನವಮಿ ಬಂತು. ಮಗ್ಗಕ್ಕೆ ಪೂಜೆಯಾಯಿತು. ಓಣಿಯ ತುಂಬ ಜನ. ಸಣ್ಣತ್ತೆ ಸೆರಗು ಬಿಗಿದು ಬಾವಿಯ ಹತ್ತಿರವೇ ನಿಂತಿದ್ದರು, ಒಗೆಯಲು ಅನುಕೂಲವಾಗಲಿ ಎಂದು. ಮಾವ ಬಂದೂಕನ್ನು ಬಲ ಭುಜಕ್ಕೆ ಏರಿಸಿದರು.

ಫಟ್. ಠಣ್!

ಯಾರೋ "ಹೋ" ಎಂದರು. ಎರಡನೆಯದು, ಠಣ್! ಮೂರು, ನಾಲ್ಕು. ಡಬ್ಬಿ ಗಿರಗಿರ ತಿರುಗುತ್ತಿತ್ತು. ಐದನೆಯ ಛರ್ರೆ ತುಂಬುವಷ್ಟರಲ್ಲಿ ಎಲ್ಲಿತ್ತೋ ಏನೋ, ಒಂದು ಗಡವ ಮಂಗ ಬಂದು ಡಬ್ಬಿಯ ಮೇಲಿನ ಕೊಂಬೆಯಲ್ಲಿ ಬಾಲ ಇಳಿಬಿಟ್ಟು ಕೂತಿತು. ಬಾಲ ಡಬ್ಬಿಗೆ ತಾಗುವಷ್ಟು ಹತ್ತಿರ! ಒಗೆಯಲು ನಿಂತಿದ್ದ ಸಣ್ಣತ್ತೆಯೇ ಕೂಗಿದರು, "ಬ್ಯಾಡ್ರಿ, ಸಾಕ್ರಿ, ನಾಲ್ಕ ಆದ್ವು, ನಾ ಒಪ್ಪೀನಿ!"

ಮಾವ ಒಪ್ಪಲಿಲ್ಲ. ಬಾಲ ಒಮ್ಮೆ ಆ ಕಡೆ ತೂಗಿತು, ಒಮ್ಮೆ ಈ ಕಡೆ. ನಾನು ಕಣ್ಣು ಮುಚ್ಚಿ ಹನುಮಪ್ಪನಿಗೆ ಐದು ಶನಿವಾರ ಎಲೆಪೂಜೆ ಹರಸಿಕೊಂಡೆ.

ಠಣ್!

ಮಂಗ ಜಿಗಿದು ಪರಾರಿ. ಬಾಲ ಅದರ ಜೊತೆಗೇ ಹೋಯಿತು, ಪೂರ್ತಿಯಾಗಿ! ಸಾಬರು ಮಾವನನ್ನು ಅಪ್ಪಿಕೊಂಡರು. ಸಣ್ಣತ್ತೆ ಎರಡು ಮಾತಿಲ್ಲದೆ ಒಳಗೆ ಹೋಗಿ ಅರಿಷಿಣ ಕುಂಕುಮ ತಂದು ಹಿಡಿಗೆ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಮುಂದಿಟ್ಟರು. "ಖಣ ತೊಟ್ಟ ಮ್ಯಾಲ ಮನಿ ಮಗಳ ಆತಲ್ಲ. ಉಡಿ ತುಂಬದ ಹೆಂಗ ಬಿಡ್ಲಿ?" ಎಂದರು. ಬಂದೂಕಿಗೆ ಉಡಿ ತುಂಬಿದ ಮನೆ ಎಂದು ನಮ್ಮ ಹೆಸರು ಸೊರಟೂರಿನ ಬೀಗರವರೆಗೂ ಹೋಯಿತು.

ಅಷ್ಟು ಸೊಟ್ಟ ಬಂದೂಕು ಅಷ್ಟು ನೆಟ್ಟಗೆ ಹೇಗೆ ಹೊಡೆಯಿತು? ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಕೆಲವರು ಹನುಮಪ್ಪನ ಮಹಿಮೆ ಎಂದರು, ಕೆಲವರು ಖಣದ ಗುಣ ಎಂದರು. ನಾನು ಎರಡನ್ನೂ ನಂಬಿದೆ. ಎರಡನ್ನೂ ನಂಬಿದರೆ ನಷ್ಟವೇನು?

ದೀಪಾವಳಿ ಕಳೆದ ಮೇಲೆ ಒಂದು ದಿನ ಹಾಸು ಹೂಡಿತ್ತು. ಮಾವ ಮುಂಡರಗಿಗೆ ಸಂಬಂಧಿಕರ ಮನೆಗೆ ಹೋಗಿದ್ದರು, ನಮ್ಮವರು ಪೇಟೆಗೆ. ಸಣ್ಣತ್ತೆ ಒಳಗೆ ಮಲಗಿದ್ದರು. ನಾನೊಬ್ಬಳೇ ಹಾಸಿನ ಬಳಿ. ಬಂತು ನೋಡಿ ದಂಡು! ಕೂಗಿದೆ, ತಟ್ಟೆ ಬಡಿದೆ. ನನ್ನ ತಟ್ಟೆಗೆ ಯಾರು ಹೆದರುತ್ತಾರೆ? ಒಂದು ಆಗಲೇ ಹಾಸಿನ ಮೇಲೆ ಕೈಯಿಟ್ಟಿತ್ತು. ಓಡಿಹೋಗಿ ಬಂದೂಕು ತಂದೆ. ಛರ್ರೆ ಇಡುವುದನ್ನು ಹತ್ತು ವರ್ಷ ನೋಡಿದ್ದೆನಲ್ಲ. ಬಲ ಭುಜಕ್ಕೆ ಆನಿಸಿ, ಎಲ್ಲರೂ ಮಾಡುವಂತೆ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ನೋಡಿದೆ.

ಏನೂ ಕಾಣಲಿಲ್ಲ. ನಳಿಕೆ ಎಲ್ಲೋ ಎಡಕ್ಕಿತ್ತು, ಡಬ್ಬಿ ಇನ್ನೆಲ್ಲೋ. ಕಣ್ಣಿನ ಕೆಳಗೆ ನನ್ನ ಖಣದ ಹೂವುಗಳಷ್ಟೇ.

ಗಾಬರಿಯಲ್ಲಿ ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದೆ. ನಳಿಕೆಯ ಹಿಂದಿನ ಕಚ್ಚು, ಮುಂದಿನ ಮಣಿ, ಬೇವಿನ ಮರದ ಡಬ್ಬಿ, ಮೂರೂ ಒಂದೇ ದಾರದಲ್ಲಿ ಪೋಣಿಸಿದಂತೆ ಬಂದು ನಿಂತವು. ಫಟ್. ಠಣ್! ಮಂಗಗಳು ಓಡಿದವು. ನಾನು ಮಾತ್ರ ಬಂದೂಕು ಇಳಿಸದೆ ನಿಂತೇ ಇದ್ದೆ.

ಬಲಗಣ್ಣು ಇಲ್ಲದವರಿಗಾಗಿ ಮಾಡಿದ ಹಿಡಿ ಅದು.

ಉರುಳಿದ ಚಹಾ, ಬಲಕ್ಕೆ ಗೋಡೆ ಬೇಕೆಂಬ ಹಟ, ಕುಂಬಳಕಾಯಿ ಎಲ್ಲ ಸಾಲಾಗಿ ನೆನಪಾದವು. ಎಡ ಭುಜಕ್ಕೆ ಹಿಡಿಯಬಹುದಿತ್ತಲ್ಲ ಎನ್ನಬಹುದು ನೀವು. ನಲವತ್ತು ವರ್ಷ ಲಾಳಿಯ ಹಗ್ಗ ಎಳೆದ ಬಲಗೈ ಅಷ್ಟು ಸುಲಭಕ್ಕೆ ಕೆಲಸ ಬಿಟ್ಟುಕೊಡುತ್ತದೆಯೇ? ಅಲ್ಲದೆ ಭುಜ ಬದಲಿಸಿದ್ದರೆ ಓಣಿಯೆಲ್ಲ "ಯಾಕ್ರೀ?" ಎಂದು ಕೇಳುತ್ತಿತ್ತು. ಬಂದೂಕನ್ನೇ ಸೊಟ್ಟ ಮಾಡಿದರೆ ಯಾರೂ ಕೇಳಲಿಲ್ಲ. ಹುಚ್ಚಿಗೆ ಕಾರಣ ಕೇಳುವವರುಂಟೇ? ಮಗ್ಗದ ಮನೆಗಳಲ್ಲಿ ಕಣ್ಣು ಹೋಯಿತೆಂದು ತಿಳಿದರೆ ಮಕ್ಕಳು ಪ್ರೀತಿಯಿಂದಲೇ ಕೈ ಹಿಡಿದು ಎಬ್ಬಿಸಿ ಕಟ್ಟೆಯ ಮೇಲೆ ಕೂಡಿಸುತ್ತಾರೆ. ಆಮೇಲೆ ಅವರು ಅಲ್ಲಿಂದ ಮಗ್ಗದ ಸದ್ದು ಕೇಳುತ್ತ ಕೂಡುವುದಷ್ಟೇ. ಮಾವ ಆ ಕಟ್ಟೆಯ ಕಡೆ ಸುಳಿಯದೆ ಇದ್ದದ್ದು ಸೊಕ್ಕಿನಿಂದ ಎಂದುಕೊಂಡಿದ್ದೆ ನಾನು.

ಸಂಜೆ ಮಾವ ಬಂದು ಮಗ್ಗಕ್ಕೆ ಕೂತರು.

"ಮಂಗ್ಯಾ ಬಂದಿದ್ದುವೇನವ್ವಾ?"

"ಬಂದಿದ್ದುವ್ರಿ. ಒಂದ ಛರ್ರೆಗೆ ಹೋದ್ವು."

"ಯಾರ ಹೊಡದ್ರು?"

"ನಾನರಿ."

ಲಾಳಿ ನಿಂತಿತು. ಎಳೆ ನೋಡುತ್ತಲೇ ಕೇಳಿದರು, "ಹಿಡಿ ಹೆಂಗ ಅನಸ್ತು?"

"ಭಾಳ ನೆಟ್ಟಗ ಐತ್ರಿ ಮಾವಾರ."

ಲಾಳಿ ಮತ್ತೆ ಓಡತೊಡಗಿತು. ನಾನು ದೇವರ ಕೋಣೆಗೆ ಹೋಗಿ ದೀಪ ಹಚ್ಚಿ, ಎರಡು ಕಣ್ಣಿನಲ್ಲಿ ಒಂದನ್ನಾದರೂ ಉಳಿಸಿದ್ದಕ್ಕೆ ಹನುಮಪ್ಪನಿಗೆ ಕೈಮುಗಿದೆ. ಆಮೇಲೆ ಚಹಾ ಮಾಡಿ ತಂದು, ಈ ಸಲ ಮಗ್ಗದ ಎಡಗಡೆ ಇಟ್ಟೆ. ಮಾವ ತಿರುಗಿ ನೋಡಲಿಲ್ಲ. ಎಡಗೈ ಚಾಚಿದರು, ಕಪ್ಪು ಅಲ್ಲೇ ಇತ್ತು.

ಸಣ್ಣತ್ತೆ ಬಾಗಿಲಲ್ಲಿ ನಿಂತು ಸೋಜಿಗದಿಂದ ಕೇಳಿದರು, "ಏನಿದು, ಇವತ್ತ ಚಾ ಚೆಲ್ಲಲೇ ಇಲ್ಲ?"

"ಚಾಕ್ಕ ಬುದ್ಧಿ ಬಂತ ನೋಡ," ಎಂದರು ಮಾವ.